ಗಾಬ್ಲಿನ್ ಪುಸ್ತಕದ್ದು, ಕೆರೆ ನಮ್ಮದು

ಹೋದ ಜೂನ್‌ನಿಂದ ಮೈಸೂರಿನ ನಮ್ಮ ಮನೆ ಮಹಡಿಯಲ್ಲಿ ಭಾನುವಾರ ಮಧ್ಯಾಹ್ನ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ದಾಳ ಎಸೆಯುತ್ತಾ, ಮಾತಾಡುತ್ತಾ ಕಥೆ ಕಟ್ಟುವ ಆಟ) ಆಡಿಸುತ್ತಿದ್ದೇನೆ. ಆಡಿಸುವುದು ಅಂದರೆ ಡಿಎಂ (ಡಂಜನ್ ಮಾಸ್ಟರ್) ಆಗಿ ಕೂರುವುದು. ಊರು, ಊರಿನ ಜನ, ಕಾಡು, ದೆವ್ವ ಎಲ್ಲ ನನ್ನ ಪಾಲು. ಮಿಕ್ಕವರಿಗೆ ತಲಾ ಒಂದು ಪಾತ್ರ. ಆಡುವವರು ಐದು ಜನ: ನನ್ನ ತಂಗಿ, ಅವಳ ಇಬ್ಬರು ಗೆಳತಿಯರು, ನನ್ನ ಆಫೀಸಿನ ಒಬ್ಬ, ಮತ್ತೆ ಮಂಡ್ಯ ಹತ್ತಿರದ ಹಳ್ಳಿಯಿಂದ ಬೈಕಿನಲ್ಲಿ ಬರುವ ನನ್ನ ಸೋದರಮಾವನ ಮಗ. ಅವರು ಎಲ್ಲರಿಗಿಂತ ದೊಡ್ಡವರು, ಹಾಗಾಗಿ ಆಟದಲ್ಲಿ ಎಲ್ಲರಿಗೂ ‘ಭಾವ’. ಸೌದೆ ಒಡೆಯುವ ಹಾಗೆ ದಾಳ ಎಸೆಯುತ್ತಾರೆ.

ಈ ಟಿಪ್ಪಣಿ ಬರೆಯಲು ಶುರು ಮಾಡಿದ್ದು ನನಗೇ ಒಂದು ಗೊಂದಲ ಇದ್ದುದರಿಂದ. ಅಚ್ಚಾದ ಮಾಡ್ಯೂಲ್ (ಕಥೆ, ನಕ್ಷೆ, ಜಗಳ ಎಲ್ಲ ಸಿದ್ಧವಿರುವ ಪುಸ್ತಕ) ತಂದು ಆಡಿಸಬೇಕೋ, ನಾವೇ ಬರೆದದ್ದನ್ನೋ? ಹತ್ತೊಂಬತ್ತು ಸೆಷನ್ ಆಗಿದೆ. (ನಾವು ಆಡಿದ ಮಾಡ್ಯೂಲ್ ಲಾಸ್ಟ್ ಮೈನ್ ಆಫ್ ಫ್ಯಾಂಡೆಲ್ವರ್. ಅದನ್ನು ಆಡಬೇಕು ಅಂದುಕೊಂಡಿರುವವರು ಇಲ್ಲೇ ನಿಲ್ಲಿಸಿ, ಗುಟ್ಟುಗಳು ಇವೆ.)

ಸೆಷನ್ 1, ಜೂನ್

2014ರ ಸ್ಟಾರ್ಟರ್ ಸೆಟ್, ಗೆಳೆಯನಿಂದ ಸೆಕೆಂಡ್ ಹ್ಯಾಂಡ್. ಪೆಟ್ಟಿಗೆಯಲ್ಲಿ 32 ಪುಟದ ನಿಯಮದ ಪುಸ್ತಕ, 64 ಪುಟದ ಮಾಡ್ಯೂಲ್, ಮೊದಲೇ ತುಂಬಿಟ್ಟ ಐದು ಪಾತ್ರಗಳ ಹಾಳೆ, ಆರು ದಾಳ. ಆರರಲ್ಲಿ ಡಿ8, ಅಂದರೆ ಎಂಟು ಮುಖದ ದಾಳ, ಕಳೆದುಹೋಗಿತ್ತು, ಅವನ ನಾಯಿ ನುಂಗಿದೆ ಅನ್ನುವುದು ಅವನ ವಾದ.

ಮೊದಲ ದೃಶ್ಯ ಈ ಆಟ ಆಡಿದ ಅರ್ಧ ಜನಕ್ಕೆ ಗೊತ್ತು. ಗಾಡಿ ಹೊಡೆದುಕೊಂಡು ಹೋಗುತ್ತಿದ್ದೀರಿ, ದಾರಿಗೆ ಅಡ್ಡವಾಗಿ ಎರಡು ಕುದುರೆ ಸತ್ತು ಬಿದ್ದಿವೆ, ಪೊದೆಯಲ್ಲಿ ನಾಲ್ಕು ಗಾಬ್ಲಿನ್ (ಕುಳ್ಳ ಕಿಡಿಗೇಡಿ ಜೀವಿಗಳು). ಅವತ್ತು ಭಾವನ ಬೈಕು ಶ್ರೀರಂಗಪಟ್ಟಣದ ಹತ್ತಿರ ಪಂಕ್ಚರ್ ಆಗಿ ನಾಲ್ಕೇ ಜನ ಆಡಿದ್ದು. ಎರಡನೇ ಸುತ್ತಿಗೆ ವಿಝಾರ್ಡ್ (ಮಂತ್ರವಾದಿ) ನೆಲಕ್ಕೆ, ಮೂರನೇ ಸುತ್ತಿಗೆ ಕ್ಲೆರಿಕ್ (ಗಾಯ ವಾಸಿ ಮಾಡುವ ಪೂಜಾರಿ). ಕ್ಲೆರಿಕ್ ಆಡುತ್ತಿದ್ದ ಹುಡುಗಿ ಎದ್ದು ಹೋಗಿ ಬಾಲ್ಕನಿಯಲ್ಲಿ ನಿಂತಳು. ಆಟಕ್ಕೆ ಬಂದು ಇನ್ನೂ ಒಂದು ಗಂಟೆ ಆಗಿರಲಿಲ್ಲ.

ರಾತ್ರಿ ಕೂತು 2014ರ ಡಂಜನ್ ಮಾಸ್ಟರ್ಸ್ ಗೈಡ್ ಲೆಕ್ಕ ಹಾಕಿ ನೋಡಿದೆ. ಒಂದು ಗಾಬ್ಲಿನ್‌ಗೆ 50 ಎಕ್ಸ್‌ಪಿ (ಸೋಲಿಸಿದರೆ ಸಿಗುವ ಅನುಭವದ ಅಂಕ), ನಾಲ್ಕಕ್ಕೆ 200. ಗುಂಪಾಗಿ ಬಂದರೆ ಅಪಾಯ ಹೆಚ್ಚು ಅಂತ ಅದನ್ನು ಎರಡರಿಂದ ಗುಣಿಸಬೇಕು, 400. ಒಂದನೇ ಲೆವೆಲ್‌ನವರಿಗೆ, ಅಂದರೆ ಆಟದ ಮೊದಲ ಮೆಟ್ಟಿಲಲ್ಲಿರುವ ಪಾತ್ರಗಳಿಗೆ, ‘ಡೆಡ್ಲಿ’ ಗೆರೆ ತಲೆಗೆ 100. ನಾಲ್ಕು ಜನಕ್ಕೆ ಸರಿಯಾಗಿ 400. ಅಂದರೆ ಹೊಸಬರಿಗೆ ಅಂತ ಮಾಡಿದ ಪೆಟ್ಟಿಗೆಯ ಮೊದಲ ಜಗಳವೇ, ಆಟದ ತಮ್ಮದೇ ಲೆಕ್ಕದಲ್ಲಿ, ನಾಲ್ವರಿಗೆ ಪ್ರಾಣಾಂತಿಕ! ಅಚ್ಚಾದದ್ದು ಅಂದರೆ ಯಾರೋ ತಕ್ಕಡಿಯಲ್ಲಿ ತೂಗಿ ಇಟ್ಟಿರುತ್ತಾರೆ ಅಂತ ನಂಬಿದ್ದೆ.

ಆದರೆ ಒಂದು ಮಾತು ಒಪ್ಪಬೇಕು. ಸೋತರೆ ಏನು ಅನ್ನುವುದನ್ನೂ ಪುಸ್ತಕ ಬರೆದಿಟ್ಟಿತ್ತು. ಗಾಬ್ಲಿನ್‌ಗಳು ಕೊಲ್ಲುವುದಿಲ್ಲ, ಪ್ರಜ್ಞೆ ತಪ್ಪಿದವರನ್ನು ಅಲ್ಲೇ ಬಿಟ್ಟು ಗಾಡಿ ದೋಚಿಕೊಂಡು ಗುಹೆಗೆ ಹೋಗುತ್ತವೆ. ಬಾಲ್ಕನಿಯಿಂದ ಅವಳನ್ನು ವಾಪಸ್ ಕರೆದುಕೊಂಡು ಬಂದದ್ದು ಆ ಒಂದು ಸಾಲು.

ಸೆಷನ್ 2, 3

ಚೌಕಟ್ಟು ಹಾಕಿದ ಮಾತು ಅಂತ ಮಾಡ್ಯೂಲ್‌ನಲ್ಲಿ ಬರುತ್ತದೆ, ಡಿಎಂ ಗಟ್ಟಿಯಾಗಿ ಓದಬೇಕಾದ್ದು. ಇಂಗ್ಲಿಷಿನಲ್ಲೇ ಓದಿದೆ. ಎಲ್ಲರೂ ಶಾಲೆಯಲ್ಲಿ ಪ್ರಾರ್ಥನೆಗೆ ನಿಂತ ಹಾಗೆ ಕೂತರು. ಮೂರನೇ ಸೆಷನ್‌ನಿಂದ ಕನ್ನಡದಲ್ಲಿ ಹೇಳಲು ಶುರು ಮಾಡಿದೆ, ಆಗ ಒಂದು ವಿಚಿತ್ರ ಸಮಸ್ಯೆ ಬಂತು. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ‘ಯೂ’. ಕನ್ನಡದಲ್ಲಿ ಯಾರೇ ಬಾಯಿ ಬಿಟ್ಟರೂ ಮೊದಲ ಪದಕ್ಕೇ ತೀರ್ಮಾನ ಆಗಬೇಕು: ನೀನೋ, ನೀವೋ? ಪುಸ್ತಕದಲ್ಲಿ ಅದಕ್ಕೆ ಉತ್ತರ ಇಲ್ಲ.

ಗುಹೆಯಲ್ಲಿ ಯೀಮಿಕ್ ಅಂತ ಒಂದು ಗಾಬ್ಲಿನ್ ಇದೆ. ಸೆರೆಸಿಕ್ಕ ಯೋಧನನ್ನು ಬಂಡೆಯ ಅಂಚಿಗೆ ತಳ್ಳಿ ಹಿಡಿದು ವ್ಯಾಪಾರಕ್ಕೆ ಇಳಿಯುತ್ತದೆ: ನಮ್ಮ ಯಜಮಾನನನ್ನು ಕೊಂದು ಬನ್ನಿ, ಇವನನ್ನು ಬಿಡುತ್ತೇನೆ. ನಾನು ಅದರ ಬಾಯಲ್ಲಿ “ನೀವು ದೊಡ್ಡೋರು, ನಿಮ್ ಕೈಲಿ ಆಗುತ್ತೆ ಬುದ್ಧಿ” ಅನ್ನಿಸಿದೆ. ಎಲ್ಲರೂ ನಕ್ಕರು. ತಂಗಿಯ ರೋಗ್ (ಕಳ್ಳಿಯ ಪಾತ್ರ) “ಆಗಲ್ಲ” ಅಂದಳು. ಅದು ತಿರುಗಿ, “ಹಂಗಾರೆ ನೀನೇ ನೋಡ್ಕೊ” ಅಂದಿತು. ನಗು ನಿಂತುಹೋಯಿತು. ‘ನೀವು’ ಹೋಗಿ ‘ನೀನು’ ಬಂದದ್ದಕ್ಕೇ ಆಫೀಸಿನವನು ಕತ್ತಿ ಎಳೆದ. ದಾಳ ಇಲ್ಲ, ನಿಯಮ ಇಲ್ಲ. ಮನೆಯಲ್ಲೇ ತಯಾರಾದ ಮೊದಲ ಸರಕು ಅದು ಅಂತ ಈಗ ಅನ್ನಿಸುತ್ತದೆ, ಅವತ್ತು ಗೊತ್ತಾಗಲಿಲ್ಲ.

ಸೆಷನ್ 4

ಮೂವರೇ ಬಂದರು. ಆಡಲಿಲ್ಲ. ಚುರುಮುರಿ ತಿಂದು ಹೋದರು.

ಸೆಷನ್ 5ರಿಂದ 8, ಆಗಸ್ಟ್

ಫ್ಯಾಂಡಲಿನ್ ಊರು. ಪುಸ್ತಕದಲ್ಲಿ ಅಚ್ಚುಕಟ್ಟಾಗಿದೆ: ಛತ್ರ, ಅಂಗಡಿ, ಗುಡಿ, ಪುಂಡರ ಗುಂಪು, ಹ್ಯಾರ್ಬಿನ್ ವೆಸ್ಟರ್ ಅನ್ನುವ ಜಂಬದ ಊರ ಮುಖ್ಯಸ್ಥ. ಪ್ರತಿ ಬಾಗಿಲ ಹಿಂದೆ ಒಂದು ಕೆಲಸ ಕಾದಿದೆ. ನಮ್ಮವರು ಮಾತ್ರ ಯಾವ ಬಾಗಿಲನ್ನೂ ತಟ್ಟುತ್ತಿಲ್ಲ. ಛತ್ರದಲ್ಲಿ ಕೂರುತ್ತಾರೆ, “ಏನು ಸಿಗುತ್ತೆ?” ಅಂತಾರೆ, “ಏಲ್ ಮತ್ತೆ ಸ್ಟ್ಯೂ” ಅಂತೀನಿ, “ಸರಿ” ಅಂತಾರೆ. ಮೌನ. ಆ ಊರಲ್ಲಿ ಏನು ಕೇಳಬೇಕು ಅನ್ನುವುದೇ ಅವರಿಗೆ ಗೊತ್ತಿಲ್ಲ. ಆ ಊರಿನ ಬಗ್ಗೆ ಬಲ್ಲವನು ನಾನೊಬ್ಬನೇ, ನಾನೂ ಹಿಂದಿನ ರಾತ್ರಿ ಓದಿದ್ದು.

ಹ್ಯಾರ್ಬಿನ್ ವೆಸ್ಟರ್‌ನನ್ನು ಬೇಸತ್ತು ಶಾನುಭೋಗರನ್ನಾಗಿ ಮಾಡಿದೆ. ಹೆಸರು ಬದಲಾಯಿಸಿದ್ದಷ್ಟೇ. ಐದು ನಿಮಿಷದಲ್ಲಿ ಲೆಕ್ಕದ ಪುಸ್ತಕ ತೋರಿಸಿ ಶಾನುಭೋಗ್ರೇ, ಕಂದಾಯ ಎಲ್ಲಿ ಹೋಯ್ತು ಶಾನುಭೋಗ್ರೇ ಅಂತ ಮುತ್ತಿಗೆ ಹಾಕಿದರು.

ಇನ್ನೊಂದು ತಕರಾರು. ಈ ಮಾಡ್ಯೂಲಿನ ಮುಖ್ಯ ಖಳ ಕೊನೆಯ ಗುಹೆಯವರೆಗೂ ಮುಖ ತೋರಿಸುವುದೇ ಇಲ್ಲ. ‘ಬ್ಲ್ಯಾಕ್ ಸ್ಪೈಡರ್’ ಅಂತ ಅವರಿವರ ಬಾಯಲ್ಲಿ, ಪತ್ರಗಳಲ್ಲಿ ಹೆಸರು ಬರುತ್ತದೆ ಅಷ್ಟೇ. ಎಂಟನೇ ಸೆಷನ್ ಮುಗಿದಾಗ ಕೇಳಿದೆ, ನಿಮ್ಮ ಶತ್ರು ಯಾರು? “ಶಾನುಭೋಗರು,” ಅಂದರು ಐದೂ ಜನ.

ಸೆಷನ್ 9, 10, ಸೆಪ್ಟೆಂಬರ್: ಮನೆ ಅಡುಗೆ, ಮೊದಲ ಯತ್ನ

ಬಿಟ್ಟೆ ಫ್ಯಾಂಡಲಿನ್‌ನ. ನಲವತ್ತು ಪುಟದ ನೋಟ್‌ಬುಕ್ ತುಂಬಿಸಿದೆ. ಒಂದು ರಾಜವಂಶ, ಅದಕ್ಕೆ ಏಳು ತಲೆಮಾರು, ಎರಡು ದಾಯಾದಿ ಜಗಳ, ಒಂದು ಶಾಸನ (ಹಳಗನ್ನಡದಲ್ಲಿ ಬರೆಯಲು ಹೋಗಿ ಕೈಬಿಟ್ಟೆ). ಎರಡು ಸೆಷನ್‌ನಲ್ಲಿ ಆ ನಲವತ್ತು ಪುಟದಿಂದ ಬಳಕೆಯಾದದ್ದು ಒಂದು ಕೋಟೆಯ ಹೆಸರು. ಅದನ್ನೂ ಭಾವ ತಪ್ಪಾಗಿ ಕೇಳಿಸಿಕೊಂಡರು, ಈಗ ಆ ತಪ್ಪೇ ಹೆಸರು.

ರಾಕ್ಷಸನ ಕಥೆ ಇನ್ನೂ ಅಧ್ವಾನ. ಪಾಳು ಗುಡಿಯಲ್ಲಿ ಒಬ್ಬ ಬ್ರಹ್ಮರಾಕ್ಷಸನನ್ನು ಇಟ್ಟೆ. ನೂರಿಪ್ಪತ್ತು ಎಚ್‌ಪಿ (ಏಟು ಬಿದ್ದಷ್ಟೂ ಇಳಿಯುವ ಜೀವದ ಅಂಕ), ಹೊಡೆತಕ್ಕೆ ಮೂರು ಡಿ10. ಅಂಕಿ ಎಲ್ಲಿಂದ ತಂದೆ ಅಂದರೆ, ಚೆನ್ನಾಗಿ ಕಂಡವು, ಬರೆದೆ. ಮೂರನೇ ಲೆವೆಲ್‌ನ ಇಬ್ಬರು ಒಂದೇ ಸುತ್ತಿಗೆ ಬಿದ್ದರು. ಗಾಬರಿಯಾಗಿ ‘ಅವನು ಮಾಯವಾದ’ ಅಂದುಬಿಟ್ಟೆ. ಸೋತರೆ ಏನು ಅಂತ ನಾನು ಬರೆದೇ ಇರಲಿಲ್ಲವಲ್ಲ. ಮುಂದಿನ ವಾರ ಅವನನ್ನೇ ನಲವತ್ತೈದು ಎಚ್‌ಪಿಗೆ ಇಳಿಸಿ ತಂದೆ. ಅವನ ಸರದಿ ಬರುವ ಮೊದಲೇ ಸತ್ತ. ಐದು ಜನ ಸುತ್ತ ನಿಂತು ಐದು ಸಲ ಹೊಡೆಯುತ್ತಾರೆ, ಒಂಟಿ ರಾಕ್ಷಸನಿಗೆ ಒಂದೇ ಸಲ. ಇದು ಅನುಭವಸ್ಥ ಡಿಎಂಗಳಿಗೆ ಹಳೇ ಪಾಠ, ನಾನು ಎರಡು ಭಾನುವಾರ ತೆತ್ತು ಕಲಿತೆ.

ಇಲ್ಲಿ ಸ್ವಲ್ಪ ಹಳೇ ಕಥೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟದ ಮೊದಲ ಪೆಟ್ಟಿಗೆ ತಂದಾಗ ಅದರಲ್ಲಿ ಇದ್ದದ್ದು ಮೂರು ಕಿರುಪುಸ್ತಕ. ನೆಲಮಾಳಿಗೆಯ ನಕ್ಷೆ ಆಡಿಸುವವನೇ ಬರೆದುಕೊಳ್ಳಬೇಕು ಅನ್ನುವುದು ಲೆಕ್ಕ. ಸಿದ್ಧ ಮಾಡ್ಯೂಲ್‌ಗಳ ಸುಗ್ಗಿ ಬಂದದ್ದು ಆಮೇಲೆ. ಆ ದಶಕದ ಕೊನೆಯಲ್ಲಿ, ಆಗ ಆಟವನ್ನು ಪ್ರಕಟಿಸುತ್ತಿದ್ದ ಟಿಎಸ್‌ಆರ್ ಕಂಪನಿ ತಂದ ‘ಇನ್ ಸರ್ಚ್ ಆಫ್ ದಿ ಅನ್‌ನೋನ್’ ನನಗೆ ತುಂಬ ಇಷ್ಟ. ಕೋಣೆಗಳ ವರ್ಣನೆ ಪೂರ್ತಿ ಇದೆ, ಆದರೆ ಕೋಣೆಯ ಕೆಳಗೆ ಯಾವ ಪ್ರಾಣಿ, ಯಾವ ನಿಧಿ ಅನ್ನುವ ಜಾಗ ಖಾಲಿ. ಕೊನೆಯಲ್ಲಿ ಪಟ್ಟಿ ಕೊಟ್ಟಿದ್ದಾರೆ, ಆರಿಸಿ ತುಂಬಿಕೊಳ್ಳಬೇಕು. ಹಿಟ್ಟು ಅವರದು, ಹೂರಣ ನಮ್ಮದು. ನಾನು ಮಾಡಬೇಕಾದ್ದು ಇದರ ತಿರುಗು ಮುರುಗು ಅಂತ ಹೊಳೆದದ್ದು ಅದನ್ನು ನೋಡಿದಾಗ.

ಸೆಷನ್ 11, ಅಕ್ಟೋಬರ್

ಕರಡಿ ಪ್ರಯೋಗ. ಪುಸ್ತಕದ ಔಲ್‌ಬೇರ್‌ನ (ಗೂಬೆ ಮುಖದ ಕರಡಿ) ಅಂಕಿಗಳನ್ನು ಹಾಗೇ ಎತ್ತಿಕೊಂಡೆ: ಎಸಿ (ಏಟು ತಾಗಲು ದಾಳ ಮುಟ್ಟಬೇಕಾದ ಅಂಕಿ) 13, ಎಚ್‌ಪಿ 59, ಕೊಕ್ಕಿನಿಂದೊಂದು, ಉಗುರಿನಿಂದೊಂದು, ಸರದಿಗೆ ಎರಡು ಏಟು. ಕೊಕ್ಕನ್ನು ಹಲ್ಲು ಮಾಡಿದೆ. ಔಲ್‌ಬೇರ್‌ಗೆ ಕಣ್ಣು, ಮೂಗು ಎರಡೂ ಚುರುಕು. ನಮ್ಮ ಕರಡಿಗೆ ದೃಷ್ಟಿ ಮಂದ, ಮೂಗೇ ಎಲ್ಲ. ಒಂದು ಪದ ಹೊಡೆದುಹಾಕಿದೆ. ತಂಗಿ ಅದನ್ನು ಹಿಡಿದಳು, “ಗಾಳಿ ಯಾವ ಕಡೆಯಿಂದ ಬೀಸ್ತಿದೆ?” ಅಂತ ಕೇಳಿದಳು. ಜಗಳ ನಾಲ್ಕು ಸುತ್ತು ನಡೆಯಿತು, ಯಾರೂ ಸಾಯಲಿಲ್ಲ, ಎಲ್ಲರೂ ಬೆವೆತರು.

ಸೆಷನ್ 12ರಿಂದ 16, ನವೆಂಬರ್–ಡಿಸೆಂಬರ್: ಕೆರೆ

ಈ ಐದು ಸೆಷನ್ ಬಗ್ಗೆ ಬರೆಯಬೇಕು ಅಂತಲೇ ಇಷ್ಟೆಲ್ಲ ಬರೆದೆ.

ಮಾಡ್ಯೂಲಿನಲ್ಲಿ ನಮ್ಮವರು ಮುಟ್ಟದೆ ಬಿಟ್ಟ ಎರಡು ಒಳ್ಳೇ ಸಾಮಾನು ಇದ್ದವು. ಒಂದು, ಗಾಬ್ಲಿನ್ ಗುಹೆಯ ನೀರು: ಮೇಲೆ ಕೊಳದಲ್ಲಿ ಕಟ್ಟಿಟ್ಟ ನೀರನ್ನು ಒಡ್ಡು ಒಡೆದು ಒಳಗೆ ಬರುವವರ ಮೇಲೆ ಬಿಡುತ್ತವೆ. ನಮ್ಮವರು ಕಾವಲಿನದನ್ನು ಸದ್ದಿಲ್ಲದೆ ಮುಗಿಸಿದ್ದರಿಂದ ನೀರು ಬರಲೇ ಇಲ್ಲ. ಎರಡು, ಪುಂಡರ ಅಡಗುತಾಣದ ಬಿರುಕಿನಲ್ಲಿ ಕೂತ ನಾಥಿಕ್ ಅನ್ನುವ ಒಂಟಿಕಣ್ಣಿನ ಜೀವ. ಎದುರಿನವರ ಗುಟ್ಟನ್ನು ಮನಸ್ಸಿನಿಂದಲೇ ಎಳೆದುಕೊಳ್ಳುತ್ತದೆ, ವ್ಯಾಪಾರಕ್ಕೂ ಬರುತ್ತದೆ. ನಮ್ಮವರು ಆ ಕಡೆ ತಿರುಗಿಯೂ ನೋಡಿರಲಿಲ್ಲ. ರಾತ್ರಿ ಉಳಿದ ಅನ್ನ ಬೆಳಿಗ್ಗೆ ಚಿತ್ರಾನ್ನ.

ನನ್ನ ಕಡೆಯಿಂದ ಸೇರಿಸಿದ್ದು ಊರು. ಅರ್ಧ ಪುಟ, ಅಷ್ಟೇ. ಕೆರೆ ತುಂಬಿ ಕೋಡಿ ಬಿದ್ದಿದೆ, ಆದರೆ ತೂಬಿನಿಂದ ಒಂದು ಹನಿ ನೀರು ಬರುತ್ತಿಲ್ಲ, ಗದ್ದೆ ಬಿರುಕು ಬಿಟ್ಟಿದೆ. ನೋಡಲು ಹೋದ ಇಬ್ಬರು ನೀರುಗಂಟಿಗಳು ವಾಪಸ್ ಬಂದಿಲ್ಲ. ಏಳು ವರ್ಷದ ಹಿಂದೆ ಏರಿ ಪದೇಪದೇ ಒಡೆಯುತ್ತಿತ್ತು, ಆಮೇಲೆ ನಿಂತಿತು. ಯಾಕೆ ನಿಂತಿತು ಅನ್ನುವುದು ನನ್ನ ದೊಡ್ಡ ಗುಟ್ಟು, ಮೂರು ಸೆಷನ್ ಕಾದಿಡಬೇಕು ಅಂತ.

ನಕ್ಷೆ ಮೇಜಿನ ಮೇಲೆ ಬಿಚ್ಚಿದೆ. ಭಾವ ಕನ್ನಡಕ ಹಾಕಿಕೊಂಡರು.

“ಇದೇನಪ್ಪಾ, ತೂಬಿನ ಪಕ್ಕದಲ್ಲೇ ಕೋಡಿ ಇಟ್ಟಿದ್ದೀಯಾ? ಕೋಡಿ ಏರಿ ತುದೀಲಿ ಇರುತ್ತೆ, ಮೇಲೆ. ತೂಬು ಕೆಳಗೆ. ಹಿಂಗೆ ಕಟ್ಟಿದರೆ ನೀನು ಹೇಳೋ ಆ ರಾಕ್ಷಸ ಬೇಕಿಲ್ಲ, ಮೊದಲನೇ ಮಳೆಗೇ ಏರಿ ಹೋಗುತ್ತೆ.”

ಪೆನ್ನು ಕಿತ್ತುಕೊಂಡು ತಿದ್ದಿದರು. ತೂಬಿಗೆ ಎರಡು ಕಲ್ಲುಕಂಬ ನಿಲ್ಲಿಸಿದರು, ನಡುವೆ ಅಡ್ಡಕಲ್ಲು, ಕೆಳಗೆ ತೂತು, ತೂತಿಗೆ ಬಿರಡೆ. ಏರಿಯ ಅಡಿಯಲ್ಲಿ ಹೋಗುವ ಕಾಲುವೆ ನೋಡಿ ಮತ್ತೆ ತಕರಾರು: “ಇದರೊಳಗೆ ಬೆಕ್ಕು ಹೋಗುತ್ತೆ, ಮನುಷ್ಯ ಹೋಗಲ್ಲ.” ರಾಜ ಕಟ್ಟಿಸಿದ ದೊಡ್ಡ ಕೆರೆ ಭಾವ, ಬಗ್ಗಿ ಹೋಗಬಹುದು ಅಂತ ಬೇಡಿಕೊಂಡೆ. ಒಪ್ಪಿದರು. ನಲವತ್ತು ಪುಟದ ರಾಜವಂಶಕ್ಕೆ ಕೊನೆಗೂ ಒಂದು ಕೆಲಸ ಸಿಕ್ಕಿತು.

ಆಮೇಲೆ ಅರಳೀಕಟ್ಟೆ. ಫ್ಯಾಂಡಲಿನ್‌ನ ಛತ್ರದಲ್ಲಿ ಬಾಯಿ ಹೊಲಿದುಕೊಂಡು ಕೂತಿದ್ದ ಇದೇ ಐದು ಜನ ಅರಳೀಕಟ್ಟೆಯಲ್ಲಿ ನಲವತ್ತು ನಿಮಿಷ ಮಾತಾಡಿದರು, ಒಂದು ದಾಳ ಉರುಳಲಿಲ್ಲ. ಕಾಣೆಯಾದ ನೀರುಗಂಟಿಗೆ ಸುಗ್ಗಿಯಲ್ಲಿ ಆಯ ಎಷ್ಟು ಕೊಡುತ್ತಿದ್ದಿರಿ? ಈ ವರ್ಷ ಕೊಟ್ಟಿರಾ? ಅಚ್ಚುಕಟ್ಟಿನ ಮೊದಲ ಗದ್ದೆ ಯಾರದು, ಕೊನೆಯದು ಯಾರದು? ಕೊನೆಯ ಗದ್ದೆಯವನ ಮನೆಗೆ ಮೊದಲು ಹೋಗೋಣ, ಸಿಟ್ಟಿರುವುದು ಅವನಿಗೆ. ಇದ್ಯಾವುದೂ ನನ್ನ ಅರ್ಧ ಪುಟದಲ್ಲಿ ಇರಲಿಲ್ಲ. ಕೇಳಿದ ಹಾಗೆ ಹೌದು ಅನ್ನುತ್ತಾ ಬರೆದುಕೊಂಡೆ.

ಅಚ್ಚಾದ ಊರಿನಲ್ಲಿ ನನಗೆ ಗೊತ್ತಿರುವುದು ಆಡುವವರಿಗೆ ಗೊತ್ತಿಲ್ಲ, ಅವರು ನನ್ನ ಬಾಯಿ ನೋಡುತ್ತಾ ಕೂರಬೇಕು. ನಮ್ಮ ನೆಲದ ಊರಿನಲ್ಲಿ ಅವರಿಗೂ ನನ್ನಷ್ಟೇ ಗೊತ್ತು, ಭಾವನಿಗೆ ನನಗಿಂತ ಹೆಚ್ಚು. ಊರನ್ನು ಉದ್ದುದ್ದ ಬರೆದಷ್ಟೂ ಅವರ ಬಾಯಿ ಕಟ್ಟುತ್ತೇನೆ. ಏಟು, ಎಚ್‌ಪಿ, ಕೊಚ್ಚಿಹೋದರೆ ಎಷ್ಟು ಪೆಟ್ಟು, ಇದು ಮಾತ್ರ ಅವರ್ಯಾರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅದಕ್ಕೆ ದುಡ್ಡು ಕೊಟ್ಟು ತಂದ ಪುಸ್ತಕ ಇದೆ.

ಇದಕ್ಕೆ ಒಂದು ಬೆಲೆಯೂ ಇದೆ. ಏರಿ ಒಡೆಯುತ್ತಿತ್ತು, ಆಮೇಲೆ ನಿಂತಿತು ಅಂದ ಹತ್ತನೇ ನಿಮಿಷಕ್ಕೆ ಕ್ಲೆರಿಕ್ ಹುಡುಗಿ ಕೇಳಿದಳು, “ಯಾರ ಮನೆ ಸೊಸೆನ ಕೊಟ್ಟರು?”

ಮೂರು ಸೆಷನ್‌ನ ಗುಟ್ಟು, ಹತ್ತು ನಿಮಿಷ. ಕೆರೆಗೆ ಬಲಿಯಾದ ಸೊಸೆಯ ಕಥೆ ಕೇಳದೆ ಬೆಳೆದ ಕನ್ನಡದವರು ಯಾರಿದ್ದಾರೆ? ದೂರದ ಊರಿನ ಓದುಗರಿಗೆ ಇದು ರೋಮಾಂಚನ. ನಮ್ಮ ಮೇಜಿಗೆ ಅಜ್ಜಿ ಹೇಳಿದ್ದು. ಒಂದು ಕ್ಷಣ ಕಥೆ ಬದಲಾಯಿಸಿಬಿಡೋಣ, ಸೊಸೆ ಅಲ್ಲ ಇನ್ನೇನೋ ಅನ್ನೋಣ ಅನ್ನಿಸಿತು. ಹಾಗೆ ಮಾಡಿದ್ದರೆ ಸರಿಯಾಗಿ ಊಹಿಸಿದ್ದಕ್ಕೆ ಅವಳಿಗೆ ಶಿಕ್ಷೆ ಕೊಟ್ಟ ಹಾಗೆ. ಬಾಯಿ ಮುಚ್ಚಿಕೊಂಡು ತಲೆಯಾಡಿಸಿದೆ.

ಇನ್ನೊಬ್ಬ ಗೆಳತಿ, ಅಲ್ಲಿಯವರೆಗೆ ಫೋನ್ ನೋಡುತ್ತಿದ್ದವಳು, ತಲೆ ಎತ್ತಿದಳು. “ಅವಳ ತವರಿನವರು ಸುಮ್ನಿದ್ರಾ?”

ಇದಕ್ಕೆ ಉತ್ತರ ನನ್ನ ಹತ್ತಿರ ಇರಲಿಲ್ಲ. ಟೀ ಮಾಡಿಕೊಂಡು ಬರುತ್ತೇನೆ ಅಂತ ಎದ್ದೆ. ಹಾಲು ಉಕ್ಕುವ ಹೊತ್ತಿಗೆ ಸಿಕ್ಕಿತು. ವಾಪಸ್ ಬಂದು ಲೋಟ ಇಟ್ಟು ಹೇಳಿದೆ: ಭಾದ್ರಪದ, ಗೌರಿ ಹಬ್ಬದ ಮುಂಚಿನ ದಿನ. ಅರಳೀಕಟ್ಟೆಗೆ ಒಬ್ಬ ಹುಡುಗ ಬರುತ್ತಾನೆ, ಹದಿನಾರು ವರ್ಷ ಇರಬಹುದು. ತಲೆಯ ಮೇಲೆ ಮೊರದ ಬಾಗಿನ. ಅಕ್ಕ ಊರು ಬಿಟ್ಟು ಹೋದಾಗ ಅವನಿಗೆ ಒಂಬತ್ತು. ಅಕ್ಕನ ಮನೆ ಯಾವುದು ಅಂತ ಕೇಳುತ್ತಾನೆ. ಕಟ್ಟೆಯಲ್ಲಿ ಕೂತವರು ಒಬ್ಬೊಬ್ಬರೇ ಎದ್ದು ಹೋಗುತ್ತಾರೆ.

ಮೇಜು ಎಷ್ಟು ಹೊತ್ತು ಸುಮ್ಮನಿತ್ತು ಅಂದರೆ ಕೆಳಗಿನ ಮನೆಯ ಕುಕ್ಕರ್ ಸೀಟಿ ಕೇಳಿಸಿತು. ಆಫೀಸಿನವನು, ಯಾವಾಗಲೂ ಕತ್ತಿಗೇ ಕೈ ಹಾಕುವವನು, “ಬಾ ತಮ್ಮಾ, ಮೊದಲು ಊಟ ಮಾಡು” ಅಂದ.

ತೂಬಿನೊಳಗಿನ ಜಗಳ ಪೂರ್ತಿ ಪುಸ್ತಕದ್ದು. ಒಂಟಿಕಣ್ಣಿನದು ನಾಥಿಕ್‌ನ ಅಂಕಿಯಲ್ಲೇ ಇತ್ತು, ಎಚ್‌ಪಿ 45. ಒಂಟಿಯಾಗಿ ಸಾಯಬಾರದು ಅಂತ ಜೊತೆಗೆ ನೀರು ಕೊಟ್ಟೆ. ಬಿರಡೆ ಎಳೆದಾಗ ಬಂದ ನೀರಿಗೆ ಗಾಬ್ಲಿನ್ ಗುಹೆಯದೇ ನಿಯಮ, ಕೊಚ್ಚಿಹೋದವರಿಗೆ ಒಂದು ಡಿ6 ಪೆಟ್ಟು, ಜೊತೆಗೆ ಮತ್ತೆ ಕಾಲುವೆಯ ಬಾಯಿಂದ ಶುರು. ಭಾವ ಎರಡು ಸಲ ಕೊಚ್ಚಿಹೋದರು. ಸೋತರೆ ಏನು ಅನ್ನುವುದನ್ನು ಈ ಸಲ ಹಾಳೆಯ ನೆತ್ತಿಯ ಮೇಲೇ ಬರೆದಿದ್ದೆ: ಅದು ಕೊಲ್ಲುವುದಿಲ್ಲ, ತಲಾ ಒಂದು ಗುಟ್ಟು ಇಟ್ಟುಕೊಂಡು ಬಿಡುತ್ತದೆ. ತಂಗಿಯ ರೋಗ್ ಗುಡಿಯ ಹುಂಡಿಗೆ ಕೈ ಹಾಕಿದ್ದು ಹಾಗೆ ಎಲ್ಲರಿಗೂ ಗೊತ್ತಾಯಿತು. ಅವಳು ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು, ಮನೆಯಲ್ಲಿ.

ಸೆಷನ್ 17

ಹೊಸ ವರ್ಷ. ಇಬ್ಬರಿಗೆ ನೆಗಡಿ. ರದ್ದು.

ಸೆಷನ್ 18, 19, ಜನವರಿ

ಒಂಟಿಕಣ್ಣು ಸತ್ತಿಲ್ಲ, ವ್ಯಾಪಾರ ನಡೆಯುತ್ತಿದೆ. ಅದು ಹೋದರೆ ಗದ್ದೆಗೆ ನೀರು ಬರುತ್ತದೆ, ಆದರೆ ಏರಿಯನ್ನು ಹಿಡಿದಿಟ್ಟಿರುವುದೂ ಅದೇ ಇರಬಹುದು ಅಂತ ಸುಳಿವು ಕೊಟ್ಟಿದ್ದೇನೆ. ಇರಬಹುದು ಅಂತ. ನಿಜ ಏನು ಅಂತ ನಾನೂ ಬರೆದಿಲ್ಲ. ಹುಡುಗ ಇನ್ನೂ ಅರಳೀಕಟ್ಟೆಯಲ್ಲಿ ಕೂತಿದ್ದಾನೆ, ಬಾಗಿನ ಬಿಚ್ಚಿಲ್ಲ.

ಕೆರೆಯ ಕಥೆಯನ್ನು ಪಿಡಿಎಫ್ ಮಾಡಿ ಹಂಚು ಅಂತ ಇಬ್ಬರು ಕೇಳಿದ್ದಾರೆ. ಮನೆಯಲ್ಲಿ ಆಡುವಾಗ ಯಾರ ಅಂಕಿ ತಂದರೂ ಕೇಳುವವರಿಲ್ಲ, ಹಂಚುವಾಗ ಹಾಗಲ್ಲ. 2023ರ ಜನವರಿಯಲ್ಲಿ, ಲೈಸೆನ್ಸ್ ಬದಲಾವಣೆಯ ದೊಡ್ಡ ಗಲಾಟೆ ಆದ ಮೇಲೆ, ಆಟದ ಕಂಪನಿಯವರು ಅದರ ಮೂಲ ನಿಯಮಗಳ ದಾಖಲೆ ಎಸ್‌ಆರ್‌ಡಿ 5.1 ಅನ್ನು ಕ್ರಿಯೇಟಿವ್ ಕಾಮನ್ಸ್‌ಗೆ ಬಿಟ್ಟರು. ಮೂಲವನ್ನು ಹೆಸರಿಸಿ ಯಾರು ಬೇಕಾದರೂ ಬಳಸಬಹುದು. ಔಲ್‌ಬೇರ್ ಅದರಲ್ಲಿದೆ, ಹಾಗಾಗಿ ಕರಡಿ ಬದುಕಿತು. ನಾಥಿಕ್ ಇಲ್ಲ. ಪಿಡಿಎಫ್‌ಗೆ ಒಂಟಿಕಣ್ಣಿನದನ್ನು ಮೊದಲಿಂದ ನಾನೇ ಕಟ್ಟಬೇಕು, ಮತ್ತೆ ಅದೇ ಬ್ರಹ್ಮರಾಕ್ಷಸನ ಭಯ. ಈ ಸಲ ಮೂರು ಬೇರೆ ಬೇರೆ ಗುಂಪಿನ ಜೊತೆ ಆ ಒಂದೇ ಜಗಳ ಆಡಿಸಿ ನೋಡದೆ ಅಂಕಿ ಅಂತಿಮ ಮಾಡುವುದಿಲ್ಲ. ಒಂದು ಗುಂಪು ಒಪ್ಪಿದೆ.

ಮುಂದಿನ ಭಾನುವಾರಕ್ಕೆ ತಯಾರಿ ಒಂದು ಹಾಳೆ. ಮುಂಬದಿ ಅಂಕಿಗಳು, ಎಲ್ಲ ಪುಸ್ತಕದವು. ಹಿಂಬದಿ ಮೂರು ಹೆಸರು, ಮತ್ತೆ ಕೊನೆಯ ಗದ್ದೆಯವನ ಹೆಂಡತಿ ಹುಡುಗನಿಗೆ ಹೇಳಬೇಕಾದ ಒಂದು ಮಾತು.

ನಿನ್ನೆ ರಾತ್ರಿ ಹತ್ತೂವರೆಗೆ ಭಾವ ಫೋನ್ ಮಾಡಿದ್ದರು. “ಮಲಗಿದ್ಯೇನೋ? ಒಂದು ಕೇಳಬೇಕಿತ್ತು. ಆ ತೂಬಿನ ಬಿರಡೆ ಮರದ್ದೋ, ಕಲ್ಲಿಂದೋ?”

“ಮರದ್ದು ಅಂತ ಇಟ್ಕೊಳ್ಳಿ. ಯಾಕೆ ಭಾವ?”

“ಸುಮ್ನೆ,” ಅಂತ ಫೋನ್ ಇಟ್ಟರು.